ಬೇಲಿ ಇಲ್ಲದ ಹೊಲಗಳ ಊರು

ಇಂಗ್ಲೆಂಡಿನ ಹಳ್ಳಿ ಅಂದಕೂಡಲೇ ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರ ಕಣ್ಣಿಗೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ಹಸಿರು ದಿಬ್ಬಗಳು, ಚರ್ಚಿನ ಗೋಪುರ, ಮುಳ್ಳುಗಿಡಗಳ ಬೇಲಿಯಿಂದ ಚೌಕ ಚೌಕವಾಗಿ ಕತ್ತರಿಸಿದಂತಿರುವ ಹೊಲಗಳು. ಅದು ಅನಾದಿ ಕಾಲದಿಂದ ಹಾಗೆಯೇ ಇದೆ ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಆದರೆ ಮಧ್ಯ ಇಂಗ್ಲೆಂಡಿನ ಆ ಬೇಲಿಗಳಲ್ಲಿ ಬಹುಪಾಲಿಗೆ ಇನ್ನೂರು ಇನ್ನೂರೈವತ್ತು ವರ್ಷಗಳಷ್ಟೇ ವಯಸ್ಸು. ಅವು ನಿಸರ್ಗದ ಕೊಡುಗೆಯಲ್ಲ, ಪಾರ್ಲಿಮೆಂಟಿನ ಕಾಯ್ದೆಗಳ ಫಲ. ಅದಕ್ಕೂ ಮೊದಲು ಅಲ್ಲಿನ ಹಳ್ಳಿಗಳ ಸುತ್ತ ಇದ್ದದ್ದು ಬೇಲಿಯೇ ಇಲ್ಲದ ವಿಶಾಲ ಬಯಲು. ಆ ಬಯಲಿನ ಬೇಸಾಯ ಇವತ್ತಿಗೂ ಉಳಿದಿರುವ ಒಂದು ಊರಿದೆ. ಅದರ ಹೆಸರು ಲ್ಯಾಕ್ಸ್‌ಟನ್.

ನಾಟಿಂಗ್‌ಹ್ಯಾಮ್‌ಷೈರಿನಲ್ಲಿ, ರಾಬಿನ್‌ಹುಡ್ ಕಥೆಗಳಿಂದ ನಮಗೆ ಪರಿಚಿತವಾದ ಷೆರ್ವುಡ್ ಕಾಡಿನ ಪೂರ್ವಕ್ಕೆ ಈ ಊರಿದೆ. ಜನಸಂಖ್ಯೆ ಕೆಲವೇ ನೂರು. ಒಂದು ಮುಖ್ಯ ಬೀದಿ, ಸೇಂಟ್ ಮೈಕೆಲ್ ಚರ್ಚು, ಡವ್‌ಕೋಟ್ ಇನ್ ಎಂಬ ಪಾನಗೃಹ, ಊರಾಚೆ ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬ. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲೇ ಈ ಊರಿನ ಹೆಸರಿದೆ. ಇಂಥ ಹಳೆಯ ಊರುಗಳು ಇಂಗ್ಲೆಂಡಿನಲ್ಲಿ ಸಾವಿರಾರಿವೆ. ಲ್ಯಾಕ್ಸ್‌ಟನ್ನಿನ ವಿಶೇಷ ಇರುವುದು ಊರಿನ ಒಳಗಲ್ಲ, ಊರಿನ ಸುತ್ತ.

ಅಲ್ಲಿ ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಎಂಬ ಮೂರು ದೊಡ್ಡ ಬಯಲುಗಳಿವೆ. ಪ್ರತಿಯೊಂದೂ ಉದ್ದನೆಯ ಪಟ್ಟಿಗಳಾಗಿ ಹಂಚಿಹೋಗಿದೆ. ಒಬ್ಬ ರೈತನ ಜಮೀನು ಒಂದೇ ಕಡೆ ಇರುವುದಿಲ್ಲ. ಅವನ ಪಟ್ಟಿಗಳು ಮೂರೂ ಬಯಲುಗಳಲ್ಲಿ ಚದುರಿಕೊಂಡಿರುತ್ತವೆ. ಪಕ್ಕದ ಪಟ್ಟಿ ಇನ್ನೊಬ್ಬನದು, ಅದರ ಪಕ್ಕದ್ದು ಮತ್ತೊಬ್ಬನದು. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ. ಯಾವ ಬಯಲಿನಲ್ಲಿ ಏನು ಬೆಳೆಯಬೇಕು ಎನ್ನುವುದು ಒಬ್ಬೊಬ್ಬನ ಇಷ್ಟಕ್ಕೆ ಬಿಟ್ಟದ್ದಲ್ಲ. ಒಂದು ಬಯಲಿಗೆ ಚಳಿಗಾಲಕ್ಕೆ ಮುನ್ನ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಾರ್ಲಿಯಂಥ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲಾಗುತ್ತದೆ. ಮೂರು ವರ್ಷಕ್ಕೆ ಒಂದು ಸುತ್ತು. ಹಿಂದೆ ಬೀಳು ಬಿಟ್ಟ ಬಯಲಿನಲ್ಲಿ ಮತ್ತು ಕೊಯ್ಲಾದ ಕೂಳೆಯ ಮೇಲೆ ಊರಿನ ದನ ಕುರಿಗಳೆಲ್ಲ ಒಟ್ಟಿಗೆ ಮೇಯುತ್ತಿದ್ದವು. ಅವುಗಳ ಗೊಬ್ಬರವೇ ಮುಂದಿನ ಬೆಳೆಗೆ ಸಾರ. ಹಾಗಾಗಿ ಒಬ್ಬ ಮಾತ್ರ ತನ್ನ ಪಟ್ಟಿಯಲ್ಲಿ ತನಗೆ ತೋಚಿದ್ದನ್ನು ಬಿತ್ತಿದರೆ ಇಡೀ ಊರಿನ ಲೆಕ್ಕ ತಪ್ಪುತ್ತಿತ್ತು.

ಪಟ್ಟಿಗಳು ಯಾಕೆ ಅಷ್ಟು ಉದ್ದ, ಅಷ್ಟು ಕಿರಿದು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಆಕ್ಸ್‌ಫರ್ಡಿನ ಕೃಷಿ ಅರ್ಥಶಾಸ್ತ್ರಜ್ಞ ಸಿ. ಎಸ್. ಆರ್ವಿನ್ ಮತ್ತು ಅವರ ಪತ್ನಿ ಕ್ರಿಸ್ಟಬೆಲ್ ಆರ್ವಿನ್ ಮುಖ್ಯರು. 1938ರಲ್ಲಿ ಅವರು ಪ್ರಕಟಿಸಿದ ‘ದಿ ಓಪನ್ ಫೀಲ್ಡ್ಸ್’ ಪುಸ್ತಕದ ದೊಡ್ಡ ಭಾಗ ಲ್ಯಾಕ್ಸ್‌ಟನ್ನಿನ ಕುರಿತದ್ದೇ. ಅವರು ಉತ್ತರ ಹುಡುಕಿದ್ದು ಕಾನೂನಿನ ಪುಸ್ತಕಗಳಲ್ಲಲ್ಲ, ನೇಗಿಲಿನಲ್ಲಿ. ಲ್ಯಾಕ್ಸ್‌ಟನ್ನಿನದು ಭಾರವಾದ ಜೇಡಿಮಣ್ಣು. ಅದನ್ನು ಉಳಲು ದೊಡ್ಡ ನೇಗಿಲು, ಅದನ್ನು ಎಳೆಯಲು ಹಲವು ಎತ್ತುಗಳು ಬೇಕು. ಅಷ್ಟುದ್ದದ ಎತ್ತಿನ ಸಾಲನ್ನು ಪದೇ ಪದೇ ತಿರುಗಿಸುವುದು ಕಷ್ಟ. ಆದ್ದರಿಂದ ಒಮ್ಮೆ ಹೂಡಿದರೆ ಆದಷ್ಟು ದೂರ ನೇರ ಹೋಗಬೇಕು. ಒಂದು ದಿನದಲ್ಲಿ ಉಳಬಹುದಾದಷ್ಟು ನೆಲವೇ ಒಂದು ಪಟ್ಟಿ ಎಂಬುದು ಅವರ ವಾದ. ಪಟ್ಟಿಗಳ ಹುಟ್ಟಿನ ಬಗ್ಗೆ ಇತಿಹಾಸಕಾರರ ಚರ್ಚೆ ಆಮೇಲೆ ಬೇರೆ ಬೇರೆ ದಾರಿ ಹಿಡಿದಿದೆ. ಆದರೂ ಉಳುವವನ ಕಷ್ಟದಿಂದ ಯೋಚನೆ ಶುರುಮಾಡಿದ ಅವರ ಕ್ರಮ ನನಗೆ ಇಷ್ಟ.

ಈ ಉಳುಮೆಯ ನೆನಪು ನಮಗೆ ಗೊತ್ತಿಲ್ಲದೆ ನಮ್ಮ ಮಾತಿಗೂ ಬಂದಿದೆ. ‘ಬಸ್‌ಸ್ಟ್ಯಾಂಡಿನಿಂದ ಎರಡು ಫರ್ಲಾಂಗು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ಫರ್ಲಾಂಗ್ ಅಂದರೆ ಒಂದು ಉಳುಮೆಯ ಸಾಲಿನ ಉದ್ದ, 220 ಗಜ. ಒಂದು ಫರ್ಲಾಂಗ್ ಉದ್ದ, 22 ಗಜ ಅಗಲದ ನೆಲ ಒಂದು ಎಕರೆ. ಆ 22 ಗಜವನ್ನೇ ಎಡ್ಮಂಡ್ ಗಂಟರ್ 1620ರ ಸುಮಾರಿಗೆ ಭೂಮಾಪನದ ಸರಪಳಿಯ ಉದ್ದವಾಗಿ ನಿಗದಿ ಮಾಡಿದ. ಕ್ರಿಕೆಟ್ ಪಿಚ್ಚಿನ ಎರಡು ವಿಕೆಟ್ಟುಗಳ ನಡುವಿನ ಅಂತರವೂ ಅದೇ 22 ಗಜ. ಎಕರೆ ಲೆಕ್ಕದಲ್ಲಿ ಜಮೀನು ಅಳೆಯುವ ನಾವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ಎತ್ತುಗಳ ಹಿಂದೆಯೇ ನಡೆಯುತ್ತಿದ್ದೇವೆ.

ಲ್ಯಾಕ್ಸ್‌ಟನ್ನಿನ ಬಗ್ಗೆ ಇಷ್ಟೊಂದು ವಿವರ ನಮಗೆ ಸಿಗುವುದಕ್ಕೆ ಮುಖ್ಯ ಕಾರಣ ಒಂದು ನಕಾಶೆ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಬರೆದ ಈ ದೊಡ್ಡ ನಕಾಶೆ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಗಳನ್ನು ಆತ ಒಂದೊಂದಾಗಿ ಗುರುತಿಸಿದ್ದಾನೆ. ನಡುನಡುವೆ ಉಳುವವರ, ಕೊಯ್ಯುವವರ, ಬೇಟೆಯಾಡುವವರ ಪುಟ್ಟ ಚಿತ್ರಗಳಿವೆ. ಜೊತೆಗಿರುವ ಕಡತದಲ್ಲಿ ಯಾವ ಪಟ್ಟಿ ಯಾರದು, ಅಳತೆ ಎಷ್ಟು ಎಂಬ ಪಟ್ಟಿಯಿದೆ. ಒಂದು ಊರಿನ ನೆಲವನ್ನು ಇಷ್ಟು ಸೂಕ್ಷ್ಮವಾಗಿ ಹಿಡಿದಿಟ್ಟ ಆ ಕಾಲದ ದಾಖಲೆಗಳು ಅಪರೂಪ.

ಆದರೆ ಇಂಥ ನಕಾಶೆಯನ್ನು ಯಾರೂ ಚಂದಕ್ಕಾಗಿ ಮಾಡಿಸುವುದಿಲ್ಲ. ಇದನ್ನು ಮಾಡಿಸಿದವನು ಊರಿನ ಅಂದಿನ ಒಡೆಯ ಸರ್ ವಿಲಿಯಂ ಕೋರ್ಟೀನ್. ಅವನೇನೂ ಆ ಊರಿನ ಹಳೆಯ ಜಮೀನ್ದಾರ ಮನೆತನದವನಲ್ಲ. ಸ್ಪೇನಿನ ಧಾರ್ಮಿಕ ಕಿರುಕುಳ ತಾಳಲಾರದೆ ಫ್ಲಾಂಡರ್ಸ್‌ನಿಂದ ಲಂಡನ್ನಿಗೆ ಓಡಿಬಂದಿದ್ದ ಕುಟುಂಬದ ಮಗ. ಬಟ್ಟೆ, ರೇಷ್ಮೆ ವ್ಯಾಪಾರದಲ್ಲಿ ಅಪಾರ ಹಣ ಮಾಡಿ ಇಂಗ್ಲೆಂಡಿನ ದೊರೆಗಳಿಗೇ ಸಾಲ ಕೊಡುವ ಮಟ್ಟಕ್ಕೆ ಬೆಳೆದವನು. 1627ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರು ನೆಲೆಯೂರಿದ್ದು ಇವನ ಬಂಡವಾಳದಿಂದ. ಕೊಂಡುಕೊಂಡ ಊರಿನಿಂದ ತನಗೆ ಏನು ಬರಬೇಕು ಎಂದು ತಿಳಿಯಲು ಅವನಿಗೆ ಈ ಅಳತೆ ಬೇಕಿತ್ತು.

ಇಲ್ಲಿ ಕನ್ನಡದ ಓದುಗರನ್ನು ಒಂದು ಕ್ಷಣ ತಡೆದು ನಿಲ್ಲಿಸುವ ಸಂಗತಿಯೊಂದಿದೆ. ಲ್ಯಾಕ್ಸ್‌ಟನ್ನಿನ ನಕಾಶೆ ತಯಾರಾದ ಅದೇ 1635ರ ಕೊನೆಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವನ್ನು ಬದಿಗಿಟ್ಟು ಪೂರ್ವದೇಶಗಳಲ್ಲಿ ವ್ಯಾಪಾರ ಮಾಡಲು ಒಂದನೇ ಚಾರ್ಲ್ಸ್ ದೊರೆ ಕೋರ್ಟೀನನ ಕೂಟಕ್ಕೆ ಅನುಮತಿ ಕೊಟ್ಟ. 1636ರಲ್ಲಿ ಜಾನ್ ವೆಡೆಲ್ ನಾಯಕತ್ವದಲ್ಲಿ ಹಡಗುಗಳು ಹೊರಟವು. ಗೋವೆಗೆ ಬಂದು, ಅಲ್ಲಿಂದ 1637ರಲ್ಲಿ ಭಟ್ಕಳಕ್ಕೆ ಬಂದವು. ಆ ಹಡಗಿನಲ್ಲಿದ್ದ ಪೀಟರ್ ಮಂಡಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ಕೆಳದಿಯ ವೀರಭದ್ರ ನಾಯಕನ ಆಸ್ಥಾನ ಕಂಡು ಬರೆದಿಟ್ಟ. ಕೆಳದಿ ಇತಿಹಾಸ ಓದಿದವರಿಗೆ ಮಂಡಿಯ ಪ್ರವಾಸ ಕಥನ ಹೊಸದಲ್ಲ. ಮರುವರ್ಷ, 1638ರಲ್ಲಿ, ಇದೇ ಕೂಟ ಕಾಳುಮೆಣಸಿಗಾಗಿ ಕಾರವಾರದಲ್ಲಿ ಕೋಠಿ ತೆರೆಯಿತು. ಕಾರವಾರದಲ್ಲಿ ಇಂಗ್ಲಿಷರ ಮೊದಲ ನೆಲೆ ಅದು. ನಾಟಿಂಗ್‌ಹ್ಯಾಮ್‌ಷೈರಿನ ಗೋಧಿ ಹೊಲದ ಗೇಣಿಯೂ ಉತ್ತರ ಕನ್ನಡದ ಮೆಣಸಿನ ಲಾಭವೂ ಒಂದೇ ಮನೆಯ ಲೆಕ್ಕಪುಸ್ತಕಕ್ಕೆ ಸೇರಬೇಕೆಂಬುದು ಆ ವರ್ಷದ ಯೋಜನೆ.

ಯೋಜನೆ ಫಲಿಸಲಿಲ್ಲ. ಭಟ್ಕಳಕ್ಕೆ ಹಡಗು ಮುಟ್ಟುವ ಮೊದಲೇ, 1636ರಲ್ಲಿ, ಸರ್ ವಿಲಿಯಂ ತೀರಿಕೊಂಡ. ಮಗನ ಕಾಲಕ್ಕೆ ಹಡಗುಗಳು ಡಚ್ಚರ ಪಾಲಾದವು, ಸಾಲ ಏರಿತು. ಕೊನೆಗೆ ಅವನು ದಿವಾಳಿಯಾಗಿ ದೇಶ ಬಿಟ್ಟು ಇಟಲಿಯ ಫ್ಲಾರೆನ್ಸ್‌ನಲ್ಲಿ ಸತ್ತ. ಲ್ಯಾಕ್ಸ್‌ಟನ್ ಅಷ್ಟರಲ್ಲೇ ಪಿಯರ್‌ಪಾಂಟ್ ಮನೆತನಕ್ಕೆ ಹೋಗಿತ್ತು. ಮುಂದೆ ಅರ್ಲ್ ಮ್ಯಾನ್ವರ್ಸ್ ಎಂಬ ಬಿರುದು ಪಡೆದ ಮನೆತನ ಅದು. ಪಟ್ಟಿಗಳನ್ನು ಉಳುತ್ತಿದ್ದ ರೈತರು ಮಾತ್ರ ಬದಲಾಗಲಿಲ್ಲ. ಒಡೆಯ ಯಾರೇ ಇರಲಿ, ಯಾವ ಬಯಲು ಬೀಳು, ದನ ಯಾವತ್ತು ಬಿಡಬೇಕು, ಕುರಿ ಎಷ್ಟಿರಬೇಕು ಎಂಬುದು ಊರಿನ ಕಟ್ಟಳೆಯ ಪ್ರಕಾರವೇ ನಡೆಯಿತು.

ಆ ಕಟ್ಟಳೆಯನ್ನು ಕಾಯುವುದು ‘ಕೋರ್ಟ್ ಲೀಟ್’ ಎಂಬ ಊರ ನ್ಯಾಯಾಲಯ. ಇದು ಈಗಲೂ ಕೂಡುತ್ತದೆ. ಪ್ರತಿ ವರ್ಷ ನವೆಂಬರ್ ಕೊನೆಯಲ್ಲಿ, ಗೋಧಿ ಬಿತ್ತನೆಯಾದ ಬಯಲಿಗೆ ಊರಿನ ರೈತರಿಂದಲೇ ಆರಿಸಿದ ಜ್ಯೂರಿ ಹೋಗುತ್ತದೆ. ಪಟ್ಟಿ ಪಟ್ಟಿ ನಡೆದು ನೋಡುತ್ತಾರೆ. ಯಾರಾದರೂ ಪಕ್ಕದವನ ಪಟ್ಟಿಗೆ ಒಂದು ಸಾಲು ಹೆಚ್ಚಿಗೆ ಉತ್ತಿದ್ದಾರೆಯೇ? ಗಾಡಿದಾರಿಯನ್ನು ಕೊರೆದಿದ್ದಾರೆಯೇ? ಬಯಲುಗಳ ನಡುವಿನ ತಗ್ಗಿನಲ್ಲಿ ಹುಲ್ಲಿಗೆಂದು ಬಿಟ್ಟ ನೆಲಕ್ಕೆ ನೇಗಿಲು ತಾಗಿಸಿದ್ದಾರೆಯೇ? ಗಡಿ ತಪ್ಪಿದ ಕಡೆ ಮರದ ಗೂಟ ಹೊಡೆದು ಗುರುತು ಮಾಡುತ್ತಾರೆ. ಒಂದು ವಾರದ ನಂತರ ಡವ್‌ಕೋಟ್ ಇನ್‌ನಲ್ಲಿ ಕೋರ್ಟು ಕೂಡುತ್ತದೆ. ಒಡೆಯನ ಪರವಾಗಿ ವಕೀಲನೊಬ್ಬ ಅಧ್ಯಕ್ಷತೆ ವಹಿಸುತ್ತಾನೆ. ಒತ್ತುವರಿ ಮಾಡಿದವರಿಗೆ ದಂಡ ಬೀಳುತ್ತದೆ. ಮುಂದಿನ ವರ್ಷಕ್ಕೆ ಹೊಸ ಜ್ಯೂರಿ ಪ್ರಮಾಣ ತೆಗೆದುಕೊಳ್ಳುತ್ತದೆ. ಇಂಗ್ಲೆಂಡಿನ ಇಂಥ ಹಳೆಯ ನ್ಯಾಯಾಲಯಗಳ ಅಧಿಕಾರವನ್ನು 1977ರ ಕಾಯ್ದೆಯೊಂದು ತೆಗೆದುಹಾಕಿದಾಗಲೂ ಲ್ಯಾಕ್ಸ್‌ಟನ್ನಿನ ಕೋರ್ಟಿನ ಕೆಲಸವನ್ನು ಹಾಗೇ ಉಳಿಸಲಾಯಿತು.

ಈ ವ್ಯವಸ್ಥೆಯಲ್ಲಿ ನನ್ನ ಗಮನ ಸೆಳೆದದ್ದು ದಂಡದ ಮೊತ್ತವಲ್ಲ, ತನಿಖೆ ಮಾಡುವವರು ಯಾರು ಎಂಬುದು. ಜ್ಯೂರಿಯಲ್ಲಿರುವವರಿಗೆ ಅದೇ ಬಯಲಿನಲ್ಲಿ ಪಟ್ಟಿಗಳಿವೆ. ಇಂದು ಇನ್ನೊಬ್ಬನ ಗಡಿ ನೋಡುವವನ ಗಡಿಯನ್ನು ನಾಳೆ ಆ ಇನ್ನೊಬ್ಬ ನೋಡುತ್ತಾನೆ. ಹೊರಗಿನಿಂದ ಬಂದ ಅಧಿಕಾರಿಗೆ ಒಂದು ಸಾಲಿನ ಒತ್ತುವರಿ ಕಾಣುವುದೇ ಇಲ್ಲ. ಪಕ್ಕದಲ್ಲಿ ಉಳುವವನ ಕಣ್ಣಿಗೆ ಅದು ತಪ್ಪುವುದಿಲ್ಲ.

ಹಾಗಾದರೆ ಉಳಿದ ಊರುಗಳಲ್ಲಿ ಇದೆಲ್ಲ ಯಾಕೆ ಹೋಯಿತು? ಉತ್ತರ ‘ಎನ್‌ಕ್ಲೋಷರ್’ ಎಂಬ ಒಂದು ಪದದಲ್ಲಿದೆ. ಚದುರಿದ ಪಟ್ಟಿಗಳನ್ನು ಒಗ್ಗೂಡಿಸಿ, ಮೇವಿನ ಬಯಲನ್ನೂ ಹಂಚಿ, ಒಬ್ಬೊಬ್ಬರ ಪಾಲಿಗೆ ಬೇಲಿ ಹಾಕುವುದು. ಇದು ಮೊದಲಿನಿಂದಲೂ ಅಲ್ಲಲ್ಲಿ ನಡೆಯುತ್ತಿತ್ತು. ಆದರೆ 1750ರಿಂದ 1850ರ ನಡುವಿನ ನೂರು ವರ್ಷಗಳಲ್ಲಿ ಪಾರ್ಲಿಮೆಂಟ್ ಊರೂರಿಗೂ ಪ್ರತ್ಯೇಕ ಕಾಯ್ದೆ ಮಾಡುತ್ತಾ ಹೋಯಿತು. ಸುಮಾರು ನಾಲ್ಕು ಸಾವಿರ ಕಾಯ್ದೆಗಳು. ಇಂಗ್ಲೆಂಡಿನ ನೆಲದ ಸುಮಾರು ಐದನೇ ಒಂದು ಭಾಗಕ್ಕೆ ಹೀಗೆ ಬೇಲಿ ಬಿತ್ತು. ಹೆಚ್ಚು ಜಮೀನು ಇದ್ದವರ ಒಪ್ಪಿಗೆ ಇದ್ದರೆ ಸಾಕಿತ್ತು. ತಲೆ ಎಣಿಸುತ್ತಿರಲಿಲ್ಲ, ಎಕರೆ ಎಣಿಸುತ್ತಿದ್ದರು. ಮೋಜಣಿಯ ಖರ್ಚು, ವಕೀಲರ ಖರ್ಚು, ಬೇಲಿಯ ಖರ್ಚು ಎಲ್ಲರಿಗೂ ಹಂಚಿಹೋಗುತ್ತಿತ್ತು. ಸಣ್ಣ ಹಿಡುವಳಿಯವನು ತನ್ನ ಪಾಲಿನ ಬೇಲಿಯ ಖರ್ಚು ಭರಿಸಲಾಗದೆ ಜಮೀನು ಮಾರುತ್ತಿದ್ದ. ಜಮೀನೇ ಇಲ್ಲದೆ ಒಂದು ಹಸು, ಒಂದಿಷ್ಟು ಬಾತುಕೋಳಿ, ಕಾಡಿನ ಸೌದೆ ನಂಬಿ ಬದುಕುತ್ತಿದ್ದವರ ಹಕ್ಕು ಬಹಳ ಸಲ ಯಾವ ಕಾಗದದಲ್ಲೂ ಇರುತ್ತಿರಲಿಲ್ಲ. ಕಾಗದದಲ್ಲಿಲ್ಲದ ಹಕ್ಕಿಗೆ ಪರಿಹಾರವೂ ಇಲ್ಲ.

ಈ ನಷ್ಟವನ್ನು ಒಳಗಿನಿಂದ ಕಂಡು ಬರೆದ ಕವಿ ಜಾನ್ ಕ್ಲೇರ್. 1793ರಲ್ಲಿ ಹೆಲ್ಪ್‌ಸ್ಟನ್ ಎಂಬ ಹಳ್ಳಿಯಲ್ಲಿ ಕೂಲಿಕಾರನ ಮಗನಾಗಿ ಹುಟ್ಟಿದವನು. ಅವನ ಊರಿನ ಎನ್‌ಕ್ಲೋಷರ್ ಕಾಯ್ದೆ ಬಂದದ್ದು 1809ರಲ್ಲಿ. ಹಂಚಿಕೆ ಪೂರ್ಣವಾದದ್ದು 1820ರಲ್ಲಿ, ಅವನ ಮೊದಲ ಕವನ ಸಂಕಲನ ಹೊರಬಂದ ವರ್ಷವೇ. ಹುಡುಗನಾಗಿ ಅಲೆದಾಡಿದ ಬಯಲಿಗೆ ಬೇಲಿ ಬಿದ್ದುದನ್ನೂ, ಕಾಲುದಾರಿಗಳಲ್ಲಿ ಪ್ರವೇಶವಿಲ್ಲ ಎಂಬ ಫಲಕ ಬಂದುದನ್ನೂ ಅವನು ಮತ್ತೆ ಮತ್ತೆ ಬರೆದ. ಇಂಗ್ಲಿಷ್ ವಿಭಾಗಗಳಲ್ಲಿ ರಮ್ಯ ಕಾವ್ಯ ಓದುವ ವಿದ್ಯಾರ್ಥಿಗಳು ಕ್ಲೇರನನ್ನು ವರ್ಡ್ಸ್‌ವರ್ತ್ ಪಕ್ಕದಲ್ಲಿಟ್ಟು ಓದಬೇಕು. ಒಬ್ಬನಿಗೆ ನಿಸರ್ಗ ಧ್ಯಾನದ ವಸ್ತು. ಇನ್ನೊಬ್ಬನಿಗೆ ಅದು ಕೆಲಸದ ಜಾಗ, ಆಟದ ಜಾಗ, ಒಂದು ದಿನ ಕಾಯ್ದೆಯ ಮೂಲಕ ಕೈತಪ್ಪಿದ ಜಾಗ.

ಎನ್‌ಕ್ಲೋಷರ್ ಪರವಾಗಿಯೂ ಗಟ್ಟಿ ವಾದವಿತ್ತು. ಚದುರಿದ ಪಟ್ಟಿಗಳಲ್ಲಿ ಹೊಸ ಬೆಳೆ, ಹೊಸ ತಳಿ, ಬಸಿಗಾಲುವೆ ಏನೂ ಸಾಧ್ಯವಿಲ್ಲ, ಹೆಚ್ಚುತ್ತಿರುವ ಜನಕ್ಕೆ ಅನ್ನ ಬೇಕು ಎಂಬುದು ಅದರ ತಿರುಳು. ಈ ವಾದದ ದೊಡ್ಡ ಪ್ರಚಾರಕ ಕೃಷಿ ಬರಹಗಾರ ಆರ್ಥರ್ ಯಂಗ್. ಆದರೆ ಊರೂರು ಸುತ್ತಿ ನೋಡಿದ ಮೇಲೆ 1801ರಲ್ಲಿ ಆತನೇ, ಬಡವರ ಪಾಲಿಗೆ ಈ ಕಾಯ್ದೆಗಳು ಹಾನಿ ಮಾಡಿವೆ, ಪಾಳು ನೆಲವನ್ನಾದರೂ ಅವರಿಗೆ ಕೊಡಬೇಕು ಎಂದು ಬರೆದ. ಬೇಲಿ ಬಿದ್ದಮೇಲೆ ಗೇಣಿ ಏರಿತು ಎಂಬುದರಲ್ಲಿ ಅನುಮಾನವಿಲ್ಲ. ಇಳುವರಿ ಅಷ್ಟೇ ಏರಿತೇ ಎಂಬುದು ಬೇರೆ ಪ್ರಶ್ನೆ. ಆರ್ಥಿಕ ಇತಿಹಾಸಕಾರ ರಾಬರ್ಟ್ ಅಲೆನ್ 1992ರ ತನ್ನ ಪುಸ್ತಕದಲ್ಲಿ, ತೆರೆದ ಬಯಲಿನ ಸಣ್ಣ ರೈತರೂ ಆ ಹೊತ್ತಿಗೆ ಸಾಕಷ್ಟು ಸುಧಾರಣೆ ಮಾಡಿಕೊಂಡಿದ್ದರು, ಎನ್‌ಕ್ಲೋಷರಿನ ಲಾಭ ಹೆಚ್ಚಾಗಿ ಹೋದದ್ದು ಭೂಮಾಲೀಕರಿಗೆ ಎಂದು ವಾದಿಸಿದ. ಈ ಚರ್ಚೆ ಇನ್ನೂ ಮುಗಿದಿಲ್ಲ.

ಲ್ಯಾಕ್ಸ್‌ಟನ್ ಉಳಿದದ್ದು ಹೇಗೆ? ಅಲ್ಲಿನ ರೈತರು ಹೋರಾಡಿ ಉಳಿಸಿಕೊಂಡರು ಎಂದು ಹೇಳುವ ಆಸೆಯಾಗುತ್ತದೆ. ಆದರೆ ಅಂಥ ವೀರಗಾಥೆ ಇಲ್ಲಿಲ್ಲ. ಊರಿನ ನೆಲದ ಒಂದು ಭಾಗ ಹದಿನೆಂಟನೇ ಶತಮಾನದಲ್ಲೇ ಬೇಲಿ ಕಂಡಿತ್ತು. ಉಳಿದದ್ದಕ್ಕೆ ಬೇಲಿ ಬೀಳದಿರಲು ಕಾರಣ ಜಮೀನು ಒಬ್ಬರ ಕೈಯಲ್ಲಿ ಇಲ್ಲದ್ದು. ದೊಡ್ಡ ಒಡೆಯರು ಒಂದು ತೀರ್ಮಾನಕ್ಕೆ ಬರುವುದು ಸುಲಭವಿರಲಿಲ್ಲ, ಖರ್ಚೂ ಕಡಿಮೆಯಿರಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅರ್ಲ್ ಮ್ಯಾನ್ವರ್ಸ್ ಪಟ್ಟಿಗಳನ್ನು ಒಗ್ಗೂಡಿಸಿ ಅವುಗಳ ಸಂಖ್ಯೆ ಕಡಿಮೆ ಮಾಡಿದ, ಆದರೆ ಪದ್ಧತಿಯನ್ನು ಮುರಿಯಲಿಲ್ಲ. 1952ರಲ್ಲಿ ಊರನ್ನು ಕೃಷಿ ಸಚಿವಾಲಯ ಕೊಂಡುಕೊಂಡಿತು. 1981ರಲ್ಲಿ ಅದು ಕ್ರೌನ್ ಎಸ್ಟೇಟ್‌ಗೆ, 2020ರಲ್ಲಿ ಮತ್ತೆ ಮ್ಯಾನ್ವರ್ಸ್ ಮನೆತನದ ವಾರಸಿಕೆಯ ಥೋರ್ಸ್‌ಬಿ ಎಸ್ಟೇಟ್‌ಗೆ ಸೇರಿತು. ಅಂದರೆ ಹಂಚಿಕೊಂಡು ಉಳುವ ಈ ಪದ್ಧತಿಯ ತಲೆಯ ಮೇಲೆ ಯಾವಾಗಲೂ ಒಬ್ಬ ಒಡೆಯ ಇದ್ದೇ ಇದ್ದ. ಅವನು ಬೇಡ ಅಂದಿದ್ದರೆ ಇದು ಇಷ್ಟು ಹೊತ್ತಿಗೆ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು.

ಇದು ಸಮಾನತೆಯ ಸ್ವರ್ಗವೂ ಆಗಿರಲಿಲ್ಲ. ಪಟ್ಟಿಗಳನ್ನು ಚದುರಿಸಿದ್ದರಿಂದ ಒಳ್ಳೆಯ ಮಣ್ಣು ಕೆಟ್ಟ ಮಣ್ಣು ಹಂಚಿಹೋಗುತ್ತಿತ್ತು ನಿಜ, ಆದರೆ ಒಬ್ಬನಿಗೆ ಹತ್ತು ಪಟ್ಟಿ ಇನ್ನೊಬ್ಬನಿಗೆ ನೂರು ಪಟ್ಟಿ ಇರುವುದನ್ನು ಅದು ತಡೆಯಲಿಲ್ಲ. ಮೇವಿನ ಹಕ್ಕೂ ಮನೆ ಜಮೀನುಗಳಿಗೆ ಅಂಟಿಕೊಂಡದ್ದು. ಹಾದಿಹೋಕನ ದನಕ್ಕೆ ಅಲ್ಲಿ ಜಾಗವಿಲ್ಲ. ಹಕ್ಕಿಲ್ಲದ ದನ ಬಯಲಿಗೆ ಬಂದರೆ ಅದನ್ನು ದೊಡ್ಡಿಗೆ ಹಾಕಿ ದಂಡ ವಸೂಲಿ ಮಾಡಲು ಊರಿನಲ್ಲಿ ಆಳಿದ್ದ.

ಈ ಕೊನೆಯ ಮಾತು ಸಣ್ಣದಲ್ಲ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಎಲ್ಲರಿಗೂ ಸೇರಿದ ಹುಲ್ಲುಗಾವಲು ಇದ್ದರೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾ ಹೋಗುತ್ತಾನೆ, ಕೊನೆಗೆ ಹುಲ್ಲುಗಾವಲೇ ನಾಶವಾಗುತ್ತದೆ ಎಂಬುದು ಅದರ ವಾದ. ಜಗತ್ತಿನ ಎಷ್ಟೋ ಸರಕಾರಗಳ ಅಧಿಕಾರಿಗಳು, ಅರ್ಥಶಾಸ್ತ್ರಜ್ಞರು ಇದನ್ನು ಒಂದು ನಿಯಮವೆಂಬಂತೆ ನಂಬಿದರು. ಸಾಮೂಹಿಕ ನೆಲವನ್ನು ಖಾಸಗಿಗೆ ಕೊಡಬೇಕು ಇಲ್ಲವೇ ಸರಕಾರ ವಹಿಸಿಕೊಳ್ಳಬೇಕು ಎಂಬ ತೀರ್ಮಾನಕ್ಕೆ ಬಂದರು. ಆದರೆ ಹಾರ್ಡಿನ್ ವರ್ಣಿಸಿದ ಹುಲ್ಲುಗಾವಲು ಯಾವ ಊರಿನದ್ದು? ಅಲ್ಲಿ ಜನ ಒಬ್ಬರೊಡನೊಬ್ಬರು ಮಾತಾಡುವುದಿಲ್ಲ, ನಿಯಮ ಮಾಡುವುದಿಲ್ಲ, ಗಡಿ ನೋಡುವುದಿಲ್ಲ. ಎಲಿನಾರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಜಪಾನಿನ ಕಾಡು, ಸ್ಪೇನಿನ ಕಾಲುವೆಗಳನ್ನು ಪರಿಶೀಲಿಸಿ, ಜನ ತಾವೇ ನಿಯಮ ಮಾಡಿಕೊಂಡು ಶತಮಾನಗಳ ಕಾಲ ಸಾಮೂಹಿಕ ಸಂಪತ್ತನ್ನು ಉಳಿಸಿಕೊಂಡಿದ್ದಾರೆ ಎಂದು ತೋರಿಸಿದರು. ಯಾರಿಗೆ ಹಕ್ಕಿದೆ ಎಂಬ ಸ್ಪಷ್ಟ ಗಡಿ, ಬಳಸುವವರೇ ಮಾಡುವ ಉಸ್ತುವಾರಿ, ತಪ್ಪಿಗೆ ತಕ್ಕಷ್ಟೇ ಸಣ್ಣ ದಂಡ, ಜಗಳ ತೀರಿಸಲು ಹತ್ತಿರದಲ್ಲೇ ಒಂದು ವೇದಿಕೆ ಇವು ಅವರು ಕಂಡ ಲಕ್ಷಣಗಳು. 2009ರಲ್ಲಿ ಅವರಿಗೆ ನೊಬೆಲ್ ಬಂತು. ಅರ್ಥಶಾಸ್ತ್ರದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಆ ಲಕ್ಷಣಗಳನ್ನು ಓದುವಾಗ ನನಗೆ ಲ್ಯಾಕ್ಸ್‌ಟನ್ನಿನ ಜ್ಯೂರಿಯ ಮರದ ಗೂಟಗಳೇ ಕಣ್ಣಮುಂದೆ ಬಂದವು. ಹಾರ್ಡಿನ್ ಕೂಡ 1990ರ ದಶಕದಲ್ಲಿ, ತಾನು ಹೇಳಿದ್ದು ನಿರ್ವಹಣೆಯಿಲ್ಲದ ಸಾಮೂಹಿಕ ನೆಲದ ಬಗ್ಗೆ ಎಂದು ತಿದ್ದಿಕೊಂಡ.

‘ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ’ ಎಂಬ ಮಾತನ್ನು ಗೋಮಾಳ, ಕೆರೆ, ಕಾಡುಗಳ ವಿಷಯದಲ್ಲಿ ನಾವೂ ಕೇಳುತ್ತಲೇ ಇರುತ್ತೇವೆ. ಅದಕ್ಕೆ ಇಂಗ್ಲೆಂಡಿನ ಇತಿಹಾಸವನ್ನೇ ಸಾಕ್ಷಿಯಾಗಿ ತರುವವರೂ ಇದ್ದಾರೆ. ಆ ಸಾಕ್ಷಿ ಹೇಳುವುದು ಬೇರೆಯೇ ಕಥೆ. ಅಲ್ಲಿನ ಬಯಲುಗಳು ಜನರ ದುರಾಸೆಯಿಂದ ಹಾಳಾಗಿ ಬೇಲಿ ಬಿದ್ದವಲ್ಲ. ಬಹುಪಾಲು ಕಡೆ ಅವು ನಿಯಮಬದ್ಧವಾಗಿ ನಡೆಯುತ್ತಿದ್ದಾಗಲೇ, ನಿಯಮ ಮಾಡಿದವರಿಗಿಂತ ದೊಡ್ಡ ಅಧಿಕಾರವೊಂದು ಬೇರೆ ಲೆಕ್ಕ ಹಾಕಿ ಅವನ್ನು ಮುಗಿಸಿತು. ಲ್ಯಾಕ್ಸ್‌ಟನ್ನಿನಲ್ಲಿ ಆ ಲೆಕ್ಕ ಪೂರ್ತಿಯಾಗಲಿಲ್ಲ. ಹಾಗಾಗಿ ಈಗ ಟ್ರ್ಯಾಕ್ಟರಿನಲ್ಲಿ ಉಳುವ ರೈತರು, ಹೊಲ ದೊಡ್ಡದಾದರೂ, ಕೂಲಿಯವರು ಕಡಿಮೆಯಾದರೂ, ನವೆಂಬರ್ ಕೊನೆಯಲ್ಲಿ ಬೂಟು ಹಾಕಿಕೊಂಡು ಕೆಸರಿಗಿಳಿದು ಒಬ್ಬರ ಗಡಿಯನ್ನು ಇನ್ನೊಬ್ಬರು ನೋಡುತ್ತಾರೆ. ಇದನ್ನು ಹಳೆಯ ಕಾಲದ ಪ್ರದರ್ಶನ ಎಂದು ತಳ್ಳಿಹಾಕಬಹುದು. ಆದರೆ ಅಲ್ಲಿ ವಿಧಿಸುವ ದಂಡವನ್ನು ನಿಜವಾಗಿಯೇ ಕಟ್ಟಬೇಕು, ಮುಂದಿನ ವರ್ಷ ಆ ಸಾಲನ್ನು ಬಿಟ್ಟೇ ಉಳಬೇಕು.